ಸಿಂಪಿಗ ಹಕ್ಕಿಯ ಮನೆತನ

ರಾಣೆಬೆನ್ನೂರು, ಬುಧವಾರ

ಮಗಳೇ ಪುಷ್ಪಾವತಿ,

ಧಾರವಾಡದಿಂದ ನೀನು ಹಾಕಿದ ಕಾಗದ ಮುಟ್ಟಿತು. ಎಲೆ ಹೊಲಿಯುವ ಸಿಂಪಿಗ ಹಕ್ಕಿ, ನೀವು ವಾರ್ಬ್ಲರ್ ಎನ್ನುವ ಉಲಿಯಕ್ಕಿ ಒಂದೇ ಮನೆತನದವಲ್ಲ, ಡಿಎನ್‌ಎ ನೋಡಿ ಬೇರೆ ಮಾಡಿದ್ದಾರೆ ಎಂದು ಬರೆದಿದ್ದೀಯ. ಹಕ್ಕಿಗಳಿಗೆ ತಿಳಿಸಿದ್ದೀರೋ ಇಲ್ಲವೋ? ಜಿಲ್ಲೆಯಲ್ಲಿ ನನ್ನಷ್ಟು ಹಕ್ಕಿ ಬಲ್ಲವರಿಲ್ಲ, ಆದರೂ ಈ ಸಲ ಸೋತೆ.

ದತ್ತು ತಂದ ನಮ್ಮ ಹುಲಿಗೇಶ ಸಣ್ಣವನಿದ್ದಾಗ ಒಮ್ಮೆ, "ನಾ ಈ ಮನಿಯಾಂವ ಅಲ್ಲಂತ, ಖರೇನಪಾ?" ಎಂದು ಅತ್ತಿದ್ದ. ಅಗಡಿಯ ಹೊಲದಲ್ಲಿ ಆ ಎರಡೂ ಹಕ್ಕಿ ತೋರಿಸಿ, "ನೋಡಲೇ, ದನಿ ಬ್ಯಾರೆ, ಮನೆತನ ಒಂದ. ನಾವೂ ಹಂಗ" ಎಂದಿದ್ದೆ.

ಈಗ ಅವನ ರಕ್ತದ ಕಾಯಿಲೆಗೆ ನನ್ನ ಎಲುಬಿನ ಮಜ್ಜೆಯೇ ಸಾಕೆಂದು ಆಸ್ಪತ್ರೆ ತುಂಬ ಬಡಾಯಿ ಕೊಚ್ಚಿದ್ದೆ. ಹೊಂದುವುದಿಲ್ಲವೆಂದು ವರದಿ ಬಂತು. ಬೇರೆ ಯಾರದೂ ಸಿಗಲಿಲ್ಲ. ಮೊನ್ನೆ ಡಾಕ್ಟರು ಮನೆಗೆ ಕಳಿಸಿದರು. ಇನ್ನು ಪಥ್ಯ ಬೇಡ, ಬೇಕಾದ್ದು ತಿನ್ನಲಿ ಎಂದರು.

ರವಿವಾರ ಬರುವಾಗ ಬ್ಯಾಡಗಿಯಲ್ಲಿ ಇಳಿದು ಅವನಿಗೆ ಕೆಂಪು ಮೆಣಸಿನಕಾಯಿ ಚಟ್ನಿ ತಾ. ಅವನು ಹಕ್ಕಿಗಳ ಮಾತು ತೆಗೆದರೆ, ಅವೆರಡೂ ಇನ್ನೂ ಒಂದೇ ಮನೆತನವೆಂದು ಹೇಳು. ನಾನು ಹೇಳಿದರೆ ಅಪ್ಪನ ಬಡಾಯಿ ಎನ್ನುತ್ತಾನೆ. ನೀನು ಓದಿದವಳು, ನಂಬುತ್ತಾನೆ.

ನಿನ್ನ ಕಾಕಾ,
ಪರಮೇಶಪ್ಪ