ಅಮ್ಮನ ಬೆಳ್ಳಿ ರೂಪಾಯಿ

ಮೇ 5, ಮಂಗಳವಾರ
ಪಾರ್ಲರ್‌ನಲ್ಲಿ ಮದುವೆ ಸೀಸನ್ನಿನ ಗಲಾಟೆ. ಹಂಪನಕಟ್ಟೆಯಲ್ಲಿ ಬಸ್ಸು ಹತ್ತುವಾಗಲೂ ಬೆರಳಿನಲ್ಲಿ ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ವಾಸನೆ… ಭಾನುವಾರ ಅಮ್ಮನಿಗೆ ಅಗೆಲು ಬಡಿಸಬೇಕು, ಎಲೆ ಹಾಕಿ ಎಡೆ ಇಡಬೇಕು. ತೀರಿಕೊಂಡು ವರ್ಷವಾಯಿತು. ಕೋರಿ ರೊಟ್ಟಿ, ಮೀನು, ಎಲೆಯ ಪಕ್ಕ ಅವಳ ಬೆಳ್ಳಿ ರೂಪಾಯಿ. ಪ್ರತಿ ಶುಕ್ರವಾರ ಅವಳು ಎಣ್ಣೆಯಲ್ಲಿ ಕಲಸಿದ ಕುಂಕುಮ ಒತ್ತಿ ಒತ್ತಿ, ನಾಣ್ಯದ ಮೇಲಿನ ರಾಣಿಯ ಮುಖವೇ ಮುಚ್ಚಿಹೋಗಿದೆ. ಅಮ್ಮನ ಮುಂದೆ ಹೀಗೆ ಇಡುವುದೇ? ಛೆ.

ಮೇ 7, ಗುರುವಾರ, ಸಂಜೆ
ಪಾರ್ಲರಿನಿಂದ ಸ್ವಲ್ಪ ಅಸಿಟೋನ್ ತಂದೆ. ಓನರ್ ಮೆಲಿಸಾ ಹೇಳಿಯೇ ಕೊಟ್ಟರು — "ಕಿಟಕಿ ತೆರೆದಿಡು ಮಾರಾಯ್ತಿ, ದೀಪದ ಹತ್ತಿರ ಮಾತ್ರ ಬೇಡ."
ಅಪ್ಪನಿಗೆ ವಾಸನೆ ಬಡಿಯಬಾರದೆಂದು ಬಾಗಿಲು, ಕಿಟಕಿ ಎರಡೂ ಹಾಕಿಕೊಂಡೆ. ಬುದ್ಧಿಗೇಡಿ ನಾನು. ತಲೆ ತಿರುಗಿ ಮಂಚ ಹಿಡಿದು ಕೂತೆ. ಗಂಟಲು ಇನ್ನೂ ಉರಿಯುತ್ತಿದೆ. ಆದರೆ ನಾಣ್ಯ — ಫಳಫಳ! ಹತ್ತಿಯೆಲ್ಲ ಕೆಂಪು. ಕಸದ ಬಕೆಟ್ಟಿಗೆ ಹಾಕಿದೆ. ಅಪ್ಪನಿಗೆ ಈಗ ಕಣ್ಣು ಕಾಣುವುದಿಲ್ಲ, ಆದರೂ ಮುಟ್ಟಿ ಖುಷಿಪಟ್ಟಾರು.

ಮೇ 8, ಶುಕ್ರವಾರ
ಕಸದ ಗಾಡಿಯ ಹಾಡಿಗೇ ಎಚ್ಚರ. ಓಡಿ ಹೋಗಿ ಬಕೆಟ್ ಖಾಲಿ ಮಾಡಿ ಬಂದೆ.
ಅಪ್ಪ ಸ್ನಾನ ಮುಗಿಸಿ ದೇವರ ಕೋಣೆಗೆ ಹೋದರು. ದಿನದಂತೆ ನಾಣ್ಯದ ಮೇಲೆ ಹೆಬ್ಬೆರಳು ಇಟ್ಟರು. ತೆಗೆದರು. ಪುನಃ ಇಟ್ಟರು.
"ಯಶೂ, ಅಮ್ಮನ ನಾಣ್ಯ ಎಲ್ಲಿ?"
"ಅದೇ ಅಲ್ವಾ ಅಪ್ಪ."
"ಇದು ಎಂತದೋ ಬೇರೆ. ಅದರ ಕುಂಕುಮದಲ್ಲಿ ಒಂದು ಗುಳಿ ಉಂಟು. ಅವಳು ಬೆರಳು ಒತ್ತಿದ್ದು."
ಗುಳಿ… ಕಣ್ಣಿದ್ದೂ ನಾನು ನೋಡಿದವಳೇ ಅಲ್ಲ. ತೊಳೆದದ್ದು ಹೇಳದೆ ಪಾರ್ಲರಿಗೆ ಹೊರಟೆ.

ಮೇ 10, ಭಾನುವಾರ
ನಿನ್ನೆ ಬರೆಯಲಿಲ್ಲ. ಅಪ್ಪ ಮೊಣಕಾಲೂರಿ ದೇವರ ಪೀಠದ ಕೆಳಗೆ ತಡಕಾಡಿದರು, ಮೂಲೆ ಮೂಲೆ. ನಾನೂ ಹುಡುಕಿದಂತೆ ಮಾಡಿದೆ! ರಾತ್ರಿ ಕುಂಕುಮ ಕಲಸಿ ನಾಣ್ಯದ ಮೇಲೆ ನನ್ನದೇ ಹೆಬ್ಬೆರಳು ಒತ್ತಿಟ್ಟೆ.
ಬೆಳಿಗ್ಗೆ ಅಪ್ಪ ಮುಟ್ಟಿ ನೋಡಿ ಮೆತ್ತಗೆ ಹೇಳಿದರು — "ಬೆರಳು ಸಣ್ಣದಾಯ್ತು ಮಗಾ."
ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಬೈದರೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. ಗಂಟಲು ಉರಿ ಹೋಯಿತಾ ಎಂದು ಕೇಳಿದರು.
ಸಂಜೆ ಎಲೆ ಹಾಕಿದೆ. ರೊಟ್ಟಿ ಬಡಿಸುವಾಗ ಅಪ್ಪ ಮುಖ ಎತ್ತಿದರು. ಏನೋ ನೆನಪಾದ ಹಾಗೆ, ಆಸೆಯಿಂದ.
"ಯಶೂ… ಆ ಹತ್ತಿ ಎಂತ ಮಾಡಿದೆ? ಅವಳ ಕುಂಕುಮ ಅದರಲ್ಲಿ ಉಂಟಲ್ಲ. ಅದನ್ನೇ ಇಡುವ, ಕೊಡು."
ನೀರು ತರುತ್ತೇನೆಂದು ಎದ್ದು ಬಂದಿದ್ದೇನೆ. ಅಲ್ಲಿ ಅಪ್ಪ ಇನ್ನೂ ಕೈ ಚಾಚಿಕೊಂಡೇ ಇದ್ದಾರೆ. ಶುಕ್ರವಾರ ಬೆಳಿಗ್ಗೆ ನಾನೇ ಓಡಿ ಹೋಗಿ ಕಸದ ಗಾಡಿಗೆ…