ಸಮುದ್ರದ ಮಾಪಕದಲ್ಲಿ ಉದಯಗಿರಿಯ ನಲ್ಲಿ ನೀರು

ಮಾನ್ಯ ಇಂಜಿನಿಯರ್ ಸಾಹೇಬರೇ,

ಉದಯಗಿರಿಯ ನಮ್ಮ ಬೀದಿಯ ನೀರು ಕುಡಿಯಲು ಯೋಗ್ಯವೆಂದು ತಾವು ಸಹಿ ಹಾಕಿದ ಚೀಟಿ ಇನ್ನೂ ಟ್ಯಾಂಕಿನ ಗೋಡೆಯ ಮೇಲಿದೆ. ಆ ನೀರನ್ನು ತಾವು ಅಳೆಸಿದ್ದು ಸಮುದ್ರದ ನೀರಿನ ಉಪ್ಪು ಅಳೆಯುವ ಸಾಧನದಿಂದ. ಮೈಸೂರಿಗೆ ಕಡಲು ಯಾವಾಗ ಬಂತು, ಸ್ವಾಮಿ?

ಇದು ನನ್ನ ಊಹೆಯಲ್ಲ. ಹದಿನೆಂಟು ವರ್ಷದಿಂದ ದುರ್ಬೀನು, ಸೂಕ್ಷ್ಮದರ್ಶಕಗಳನ್ನು ರಿಪೇರಿ ಮಾಡಿ ಬದುಕುತ್ತಿರುವವಳು ನಾನು. ಕಳೆದ ತಿಂಗಳು ತಮ್ಮ ಸಹಾಯಕ ದಿಲೀಪ್ ಅವರು ಗಾಜು ಮಸುಕಾಗಿದೆಯೆಂದು ಆ ಸಾಧನವನ್ನು ನನ್ನ ಅಂಗಡಿಗೆ ತಂದರು. ನೀರಿನ ಹನಿಯಲ್ಲಿ ಬೆಳಕು ಎಷ್ಟು ಬಾಗುತ್ತದೆಂದು ನೋಡಿ ಉಪ್ಪಿನ ಪ್ರಮಾಣ ಹೇಳುವಂಥದ್ದು. ಸಿಗಡಿ ಸಾಕುವವರಿಗೆ ಬೇಕಾದದ್ದು. ಚರಂಡಿ ಬೆರೆತ ನೀರು ಹಾಕಿದರೂ ಅದು ಸೊನ್ನೆಯನ್ನೇ ತೋರಿಸುತ್ತದೆ.

"ಇದ್ರಲ್ಲಿ ಕೊಳೆ ಕಾಣಲ್ಲ ಕಣ್ರೀ. ನೀರು ಕದಡಿದ್ಯಾ ಅಂತ ನೋಡೋ ಮೀಟರೇ ಬೇರೆ" ಎಂದೆ.

"ಸೊನ್ನೆ ಬಂದ್ರೆ ಚೊಕ್ಕ ಅಂತ ಬರ್ದ್‌ಬುಡು ಅಂದವ್ರೆ ಸಾಹೇಬ್ರು. ನಾನೇನ್ ಮಾಡ್ಲಿ ಯಶೋಧಕ್ಕ?" ಎಂದರು ದಿಲೀಪ್.

ಅದೇ ವಾರ ಪಕ್ಕದ ಮನೆಯ ಸೋಮಮ್ಮನ ಸೊಸೆ ದಿವ್ಯಳ ಕಣ್ಣು ಹಳದಿಯಾಯಿತು. ಏಳು ತಿಂಗಳ ಬಸುರಿ. ಕೆಟ್ಟ ನೀರಿನಿಂದ ಬಂದ ಕಾಮಾಲೆ, ಬಸುರಿಯರ ಪ್ರಾಣಕ್ಕೇ ಅಪಾಯ ಎಂದರು ಆಸ್ಪತ್ರೆಯಲ್ಲಿ. ನಾನು ನಲ್ಲಿ ನೀರನ್ನು ಬಾಟಲಿಗೆ ಹಿಡಿದು, ಕಾಲೇಜಿನ ಪ್ರಯೋಗಾಲಯದಲ್ಲಿರುವ ಸೌಮ್ಯಶ್ರೀ ಮೇಡಂ ಬಳಿ ಓಡಿದೆ. ಬೆಳಕು ಹಾಯಿಸಿ ಕದಡು ಅಳೆಯುವ ಮೀಟರಿನಲ್ಲಿ ಅವರು ಪರೀಕ್ಷಿಸಿದರು. ಒಂದರೊಳಗಿರಬೇಕಾದ ಅಂಕಿ ಹದಿನಾಲ್ಕಿತ್ತು.

ಆ ವರದಿಯನ್ನು ತಮ್ಮ ಮೇಜಿನ ಮೇಲಿಟ್ಟಾಗ ತಾವು ತಲೆಯನ್ನೂ ಎತ್ತದೆ, "ಖಾಸಗಿ ಅಳತೆ ನಮಗೆ ಮಾನ್ಯವಲ್ಲ ಕಣಮ್ಮ" ಎಂದಿರಿ. ಬಾಗಿಲಲ್ಲಿ ನಿಂತಿದ್ದ ಸೋಮಮ್ಮ, "ನನ್ ಸೊಸೆ ಕಣ್ಣಾದ್ರೂ ಬಂದು ನೋಡಿ ಸ್ವಾಮಿ. ಅದೂ ಖಾಸಗಿನಾ?" ಎಂದರು. ತಾವು ಊಟಕ್ಕೆ ಎದ್ದು ಹೋದಿರಿ. ಸರ್ಕಾರಿ ಮೊಹರು ಕಂಡರೆ ಕಾಮಾಲೆ ಹೆದರಿ ಹಿಂದೆ ಸರಿಯುತ್ತದೆಯೆಂದು ತಮ್ಮ ಯಾವ ಸುತ್ತೋಲೆಯಲ್ಲಿದೆ?

ಮೊನ್ನೆ ದಿವ್ಯಳ ಮಗು ಹೊಟ್ಟೆಯಲ್ಲೇ ಹೋಯಿತು. ಅವಳಿನ್ನೂ ವಾರ್ಡಿನಲ್ಲಿದ್ದಾಳೆ. ನಮ್ಮ ಬೀದಿಯಲ್ಲಿ ಇನ್ನಿಬ್ಬರು ಬಸುರಿಯರಿದ್ದಾರೆ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ನಮಗೆ ಮತ್ತೆ ನೀರು ಬಿಡುವ ಸರದಿ. ಅದಕ್ಕೆ ಮುಂಚೆ ವಾಲ್ವ್ ಮುಚ್ಚಿಸಿ, ಟ್ಯಾಂಕರ್ ಕಳಿಸಿ, ಚರಂಡಿ ಪಕ್ಕದಲ್ಲೇ ಹಾದಿರುವ ನಮ್ಮ ನೀರಿನ ಪೈಪನ್ನು ಅಗೆಸಿ, ಎಲ್ಲಿ ಒಡೆದಿದೆಯೆಂದು ನೋಡಿ. ವಾಲ್ವಿನ ಕೀಲಿ ತಮ್ಮ ಕೈಯಲ್ಲಿದೆ.

ಇಂತಿ,
ಈ ಪತ್ರವನ್ನು ತಿಂಗಳ ಹಿಂದೆಯೇ ಬರೆಯಬೇಕಿದ್ದ
ಯಶೋಧಾ
ಉದಯಗಿರಿ, ಮೈಸೂರು