ಎಮ್ಮೆಗುಂಡು ದಾಟಬೇಕಾದ ಚೆಂಡು

ಚಿತ್ರದುರ್ಗ,
ಹೊಳಲ್ಕೆರೆ ರಸ್ತೆ, ಟೈರು ಅಂಗಡಿಯ ಹಿಂಭಾಗ
೧೮-೨-೧೯೭೪, ಸೋಮವಾರ

ಪ್ರೀತಿಯ ಅಣ್ಣ ಚಿತ್ರಲಿಂಗಪ್ಪನ ಪಾದಾರವಿಂದಗಳಿಗೆ, ಅವು ಸದ್ಯ ಕೇರಳದ ರಬ್ಬರು ಸೀಮೆ ಕೊಟ್ಟಾಯಂನ ಯಾವ ಕೆಸರಿನಲ್ಲಿ ಹೂತಿದ್ದರೂ ಸರಿಯೇ, ತಮ್ಮ ಜಂಪಣ್ಣನ ಅಡ್ಡಬಿದ್ದ ನಮಸ್ಕಾರಗಳು.

ನಿನ್ನ ಮೈ ಹೇಗಿದೆ? ಅಲ್ಲಿಯ ದಪ್ಪಕ್ಕಿ ಅನ್ನ ಹೊಟ್ಟೆಗೆ ಒಗ್ಗಿತೇ, ಅಥವಾ ಮುದ್ದೆ ಕಾಣದೆ ಸೊರಗಿ ನಿನ್ನ ಷರಟಿನೊಳಗೆ ನೀನೇ ಕಳೆದುಹೋಗಿದ್ದೀಯಾ? ಕಾದ ಅಚ್ಚು ತಗುಲಿ ಸುಟ್ಟ ಮೊಣಕೈ ಮಳೆಗಾಲದಲ್ಲಿ ಕೆರೆಯುತ್ತದೆಯೇ? ಎಣ್ಣೆ ಸವರಿಕೋ ಎಂದು ಅಮ್ಮ ಹೇಳಿದ್ದಾಳೆ. ಇಲ್ಲಿ ಅಮ್ಮ ಕ್ಷೇಮ, ಅಂಗಡಿ ಕ್ಷೇಮ, ನಾನು ಅಗತ್ಯಕ್ಕಿಂತ ಹೆಚ್ಚು ಕ್ಷೇಮ. ಪಕ್ಕದ ಮನೆಯ ಹುಚ್ಚಕ್ಕನ ಕೋಳಿಯೂ ಕ್ಷೇಮ. ಅದರ ಮೊಟ್ಟೆಗಳ ನಡುವೆ ನಾನು ನಮ್ಮದೊಂದು ಗಾಲ್ಫ್ ಚೆಂಡನ್ನು ಸೇರಿಸಿದ್ದೆ. ಉಳಿದವೆಲ್ಲ ಮರಿಯಾಗಿ ಓಡಾಡುತ್ತಿವೆ, ಕೋಳಿ ಮಾತ್ರ ಚೆಂಡಿನ ಮೇಲಿಂದ ಎದ್ದಿಲ್ಲ. "ಗಟ್ಟಿ ಪಿಂಡ ಕಣಪ್ಪ, ತಡ ಆಗ್ತೈತೆ" ಎಂದು ಹುಚ್ಚಕ್ಕ ಬೀದಿಗೆಲ್ಲ ಹೇಳುತ್ತಿದ್ದಾಳೆ. ಕ್ಷೇಮದವರ ಸಾಲಿನಲ್ಲಿ ಅಪ್ಪನ ಹೆಸರನ್ನು ನಾನು ಬಿಟ್ಟದ್ದು ಕೈತಪ್ಪಿ ಅಲ್ಲ.

ನೀನು ಹೋಗುವಾಗ ನಮ್ಮದು ಮೈಸೂರು ರಾಜ್ಯವಾಗಿತ್ತು, ಈಗ ಕರ್ನಾಟಕ. ಇಡೀ ರಾಜ್ಯ ತನ್ನ ಹೆಸರು ಬದಲಿಸಿಕೊಂಡಿತು, ಈ ಮನೆಯ ಇಬ್ಬರು ಗಂಡಸರು ಮಾತ್ರ ಒಂದು ಮಾತನ್ನು ಬದಲಿಸಲಾರದೆ ಕೂತಿದ್ದಾರೆ. ಆದ್ದರಿಂದ ಘನ ನ್ಯಾಯಾಲಯದ ಮುಂದೆ ಕಪ್ಪು ಕೋಟು ತೊಟ್ಟ ವಕೀಲನ ಹಾಗೆ, ನಮ್ಮ ತಂದೆ ಟೈರು ರಿಪೇರಿ ತಿಪ್ಪೇರುದ್ರಪ್ಪನ ಪರವಾಗಿ ನಾನು ಮೊದಲಿನಿಂದ ವಾದ ಮಂಡಿಸುತ್ತೇನೆ. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆಂದು ನಗಬೇಡ. ನಿನ್ನ ಹಾಗೆ ಸಿರಿಗೆರೆಯ ಹಾಸ್ಟೆಲಿನಲ್ಲಿ ಓದಿದವರಿಗೆ ಮರೆವು ಜಾಸ್ತಿ ಎಂದು ಕೇಳಿದ್ದೇನೆ.

ಆ ಕಾಫಿ ಎಸ್ಟೇಟಿನ ಸಾಹೇಬರ ಕಾರಿನ ಟೈರು ನಮ್ಮ ಅಂಗಡಿಯ ಮುಂದೆಯೇ ಯಾಕೆ ಹರಿಯಬೇಕಿತ್ತು? ಟೈರಿಗೆ ತೇಪೆ ಹಾಕುವ ತನಕ ಸುಮ್ಮನೆ ಕೂರುವುದು ಬಿಟ್ಟು ಅವರು ಜೇಬಿನಿಂದ ಬಿಳಿಯ ಗಾಲ್ಫ್ ಚೆಂಡು ತೆಗೆದರು. ಪರದೇಶದ ಚೆಂಡು ತರಿಸಲು ಸರ್ಕಾರ ಬಿಡುವುದಿಲ್ಲ, ಇಲ್ಲಿಯದು ದೂರ ಹೋಗುವಷ್ಟು ಗಟ್ಟಿಯಿದ್ದರೆ ಹೊಡೆದವನ ಕೈಗೆ ಅದುರು ಕೊಟ್ಟು ಕಚ್ಚುತ್ತದೆ, ಕೈಗೆ ಮೆತ್ತಗಿದ್ದರೆ ಸಗಣಿಯುಂಡೆಯ ಹಾಗೆ ಎದುರಿಗೇ ಬೀಳುತ್ತದೆ, ದೂರವೂ ಹೋಗಿ ಮೆತ್ತಗೂ ಇರುವಂಥದ್ದನ್ನು ನೀವು ಮಾಡಬಲ್ಲಿರಾ ಎಂದರು. ಅಪ್ಪ ಚೆಂಡನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದ. ಮೈತುಂಬ ಗುಳಿಗಳು. ರಬ್ಬರಿನ ಮೇಲೆ ಗುಳಿ ಕಂಡರೆ ಅಪ್ಪನಿಗೆ ಅದು ಕೆಟ್ಟ ಕೆಲಸ. "ಪಾಪ, ಅಚ್ಚಿನಾಗೆ ಗಾಳಿ ಸಿಕ್ಕೈತೆ, ಕುಂತ್ಕಳ್ರಿ ಸ್ವಾಮಿ, ಸರಿ ಮಾಡಿಕೊಡ್ತೀನಿ" ಎಂದವನೇ ಅದನ್ನು ಉಜ್ಜುವ ಕಲ್ಲಿಗೆ ಹಿಡಿದು ಮಗುವಿನ ಕೆನ್ನೆಯ ಹಾಗೆ ನುಣುಪು ಮಾಡಿ ಕೊಟ್ಟ. ಸಾಹೇಬರ ಮುಖ ನೆನಪಿದೆಯೇ? ಗುಳಿಯೇ ಗಾಳಿಯನ್ನು ಹಿಡಿದು ಚೆಂಡನ್ನು ಎತ್ತುವುದು, ನುಣ್ಣನೆಯದು ಅರ್ಧ ದಾರಿಗೇ ಮುಗ್ಗರಿಸುತ್ತದೆ ಎಂದು ಅವರು ಹೇಳಿದಾಗ ಅಪ್ಪ ಅನುಭವಿಸಿದ ಅವಮಾನವೇ ಈ ಎಲ್ಲದರ ಬೀಜ. "ನಿಮ್ಮ ಒಂದು ಚೆಂಡು ಕೆಡಿಸೀನಿ, ಒಳ್ಳೇದು ಮಾಡಿ ಕೊಡ್ತೀನಿ" ಎಂದುಬಿಟ್ಟ. ಅವರು ನಗುತ್ತ, ಹೊಡೆಯುವ ಬಗೆ ತೋರಿಸಿ, ಪರೀಕ್ಷೆ ಮಾಡಿಕೊಳ್ಳಿ ಎಂದು ಮರದ ತಲೆಯ ಆ ಗಾಲ್ಫ್ ಕೋಲನ್ನು ಬಿಟ್ಟು ಹೋದರು. ಆಮೇಲೆ ಅವರು ಮರೆತೂಬಿಟ್ಟರು, ನಾವು ಮರೆಯಲಿಲ್ಲ.

ಅಪ್ಪನ ಚೆಂಡು, ನಿನ್ನ ಚೆಂಡು ಎಂದು ಅಂಗಡಿಯಲ್ಲಿ ಎರಡು ಪಕ್ಷ ಹುಟ್ಟಿದ್ದು ಹೀಗೆ. ಹಳೆಯ ಟ್ಯೂಬನ್ನು ದಾರದಂತೆ ಕತ್ತರಿಸಿ, ಎಳೆದೆಳೆದು ಕಲ್ಲಿನಂಥ ತಿರುಳಿನ ಮೇಲೆ ಬಿಗಿಯಾಗಿ ಸುತ್ತುವುದು ಅಪ್ಪನ ಮತ. ಮೆತ್ತನೆಯ ನೀರುಚೀಲದಂಥ ತಿರುಳಿನ ಮೇಲೆ ಹಗುರಾಗಿ ಸುತ್ತುವುದು ನಿನ್ನ ಮತ. ಬಿಗಿ ಮಾಡಿದರೆ ನಿನ್ನ ತಿರುಳು ಪಿಚ್ಚೆಂದು ಒಂದು ಕಡೆ ಇಣುಕುತ್ತಿತ್ತು. ನಾನು ಯಾವ ಪಕ್ಷಕ್ಕೂ ಸೇರದೆ ಎರಡೂ ಕಡೆಯ ಉಪ್ಪಿಟ್ಟು ತಿಂದುಕೊಂಡು ಸುಖವಾಗಿದ್ದೆ. ಕಳೆದ ಯುಗಾದಿಯ ಮುಂಚಿನ ಆ ಬೆಳಗ್ಗೆ, ಲಾರಿಯವರೆಲ್ಲ ನಿಂತು ನೋಡುತ್ತಿರುವಾಗ, ಅಪ್ಪ ನಿನ್ನ ಚೆಂಡನ್ನು ಎತ್ತಿ ಹಿಡಿದು, "ನೋಡ್ರಪ್ಪ, ನನ್ನ ಮಗ ರವೆಉಂಡೆ ಕಟ್ಯಾನೆ, ಒಂದೊಂದು ತಿಂದು ಹೋಗ್ರಿ" ಎಂದ. ಲಾರಿಯವರು ನಕ್ಕರು. ನಾನೂ ನಕ್ಕೆ. ನೀನು ನಗಲಿಲ್ಲ. "ನಿಂದು ದೂರ ಹೋಗೋದು ಕಂಡೀನಿ. ನಿನ್ನ ಚೆಂಡು ಎಮ್ಮೆಗುಂಡು ದಾಟಿದ ದಿನ ನಾನು ಮನೆಗೆ ಬತ್ತೀನಿ, ಹೋಗು" ಎಂದು ಹಿರಿಯೂರಿನ ಬಸ್ಸು ಹತ್ತಿದೆ. ಬಯಲಿನ ಆಚೆ ತುದಿಯಲ್ಲಿ ಮಲಗಿದ ಎಮ್ಮೆಯ ಹಾಗಿರುವ ಆ ಬಂಡೆಯನ್ನು ಯಾವ ತಂದೆಯ ಚೆಂಡೂ ದಾಟುವುದಿಲ್ಲವೆಂದು ನಿನಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸಿಟ್ಟಿನಲ್ಲಿ ಆಡಿದ ಮಾತು ಎಂದು ಲಾರಿಯವರಿಗೂ ಗೊತ್ತಿತ್ತು.

ಅಪ್ಪನಿಗೆ ಗೊತ್ತಿಲ್ಲ, ಅಣ್ಣ. ವಾದದ ಮುಖ್ಯ ಅಂಶ ಇದೇ. ಅಪ್ಪ ಅದನ್ನು ಸಿಟ್ಟು ಎಂದುಕೊಂಡಿಲ್ಲ, ಕರಾರು ಎಂದುಕೊಂಡಿದ್ದಾನೆ.

ದಿನಾ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲು ಚಂದ್ರವಳ್ಳಿ ಕಡೆಯ ಬಯಲಿಗೆ ಕೋಲು ಹೊತ್ತು ನಡೆಯುತ್ತಾನೆ. ಬುಟ್ಟಿಯ ತುಂಬ ಚೆಂಡು ಹೊತ್ತು ಹಿಂದೆ ನಾನು. ಬಂಡೆಯ ಪಕ್ಕ ನಿಂತು ಚೆಂಡು ಎಲ್ಲಿ ಬಿತ್ತೆಂದು ಕೂಗುವುದು, ಆಯ್ದು ತರುವುದು ನನ್ನ ಉದ್ಯೋಗ. ಅಪ್ಪ ಹೊಡೆಯುವುದು ಸೌದೆ ಸೀಳುವ ಹೊಡೆತ, ಸಾಹೇಬರು ತೋರಿಸಿದ ನಯ ಅದರಲ್ಲಿಲ್ಲ. ಆ ಕಲ್ಲಿನಂಥ ಚೆಂಡಿಗೆ ಕೋಲು ತಗುಲಿದಾಗಲೆಲ್ಲ ಅದುರು ಮುಂಗೈಯಿಂದ ಭುಜದ ತನಕ ಹತ್ತುವುದು ಅಷ್ಟು ದೂರದಲ್ಲಿರುವ ನನಗೂ ಕಾಣುತ್ತದೆ. ಮೊದಮೊದಲು ನಾನು ಇದನ್ನು ದೊಡ್ಡ ತಮಾಷೆ ಎಂದುಕೊಂಡಿದ್ದೆ. ಬಂಡೆಯ ಮೇಲೆ ನಿಂತು, ಡಂಗುರದವನ ಹಾಗೆ, "ಶ್ರೀಮನ್ಮಹಾಚೆಂಡು ಕಳ್ಳಿಬೇಲಿಯವರೆಗೆ ದಯಮಾಡಿಸಿದೆ" ಎಂದು ಕೂಗುತ್ತಿದ್ದೆ. ಅಪ್ಪನೂ ನಗುತ್ತಿದ್ದ. ದೀಪಾವಳಿಯ ಹೊತ್ತಿಗೆ ನಗು ನಿಂತಿತು. ಸಂಕ್ರಾಂತಿಯ ಹೊತ್ತಿಗೆ ಬಲಗೈಯ ಕಿರುಬೆರಳು, ಅದರ ಪಕ್ಕದ ಬೆರಳು ಜೋಮು ಹಿಡಿದು ತಿರುಗಿ ಬರಲಿಲ್ಲ. ಮುಂಗೈಯ ನರಕ್ಕೆ ಪೆಟ್ಟು ಬಿದ್ದಿದೆ, ಹೀಗೇ ಮುಂದುವರಿದರೆ ಕೈ ಚಮಚವನ್ನೂ ಹಿಡಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಅಪ್ಪ ಅವರಿಗೆ ಕೈಮುಗಿದು, ಅದೇ ಕೈ, ಮಾರನೆಯ ಬೆಳಗ್ಗೆ ಬಯಲಿಗೆ ಹೋದ.

ಈಗ ಅಪ್ಪನಿಗೆ ಮುದ್ದೆ ಮುರಿಯಲು ಆಗುವುದಿಲ್ಲ. ಇದನ್ನು ಬರೆಯುವಾಗ ನನ್ನ ವಕೀಲಿಕೆ ಕೈಕೊಡುತ್ತಿದೆ. ಬೆರಳು ಮುದ್ದೆಯೊಳಗೆ ಇಳಿಯುತ್ತದೆ, ತುತ್ತು ಬಿಡಿಸಿಕೊಂಡು ಬರುವುದಿಲ್ಲ. ಅಮ್ಮ ಎರಡು ದಿನ ನೋಡಿದಳು, ಮೂರನೆಯ ದಿನ ರಾಗಿಹಿಟ್ಟು ಮುಗಿದಿದೆ ಎಂದು ಹೇಳಿ ಅನ್ನ ಬಡಿಸಿದಳು. ಅಂದಿನಿಂದ ನಮ್ಮ ಮನೆಯಲ್ಲಿ ರಾಗಿಹಿಟ್ಟು ಮುಗಿದೇ ಇದೆ. ಚೀಲ ಬಾಗಿಲ ಹಿಂದೆಯೇ ಇದೆ, ಅಪ್ಪ ಅದನ್ನು ದಾಟಿಕೊಂಡೇ ಊಟಕ್ಕೆ ಬರುತ್ತಾನೆ, ಅದರ ಕಡೆ ನೋಡುವುದಿಲ್ಲ. "ಸಾಕು ಬಿಡಪ್ಪ, ಅಣ್ಣ ಸಿಟ್ಟಿಗೆ ಅಂದದ್ದು" ಎಂದು ನಾನು ಹೇಳಿದ್ದಕ್ಕೆ ಕೊಟ್ಟ ಉತ್ತರ ಕೇಳು. "ಲೇ, ನನ್ನ ಮಗ ಸುಳ್ಳು ಹೇಳಾನಲ್ಲ. ದಾಟಿದ ದಿನ ಬತ್ತೀನಿ ಅಂದಾನೆ. ಇನ್ನೂ ದಾಟಿಲ್ಲ, ಅದ್ಕೇ ಬಂದಿಲ್ಲ." ನಿನ್ನ ಪ್ರಾಮಾಣಿಕತೆಗೆ ಇಂಥ ಸರ್ಟಿಫಿಕೇಟು ಕೊಟ್ಟವರು ಇನ್ನೊಬ್ಬರಿಲ್ಲ. ಅದನ್ನು ಕೇಳಿಸಿಕೊಂಡು ನಾನು ಅಂಗಡಿಯ ಹಿಂದೆ ಹೋಗಿ ಟೈರುಗಳನ್ನು ಸುಮ್ಮನೆ ಒದ್ದೆ.

ಆಮೇಲೆ ಕೆಲಸಕ್ಕೆ ಕೂತೆ. ಅಪ್ಪ ನಿಲ್ಲಿಸುವುದಿಲ್ಲವೆಂದರೆ ಕೈ ಕಚ್ಚದ ಚೆಂಡನ್ನಾದರೂ ಕೊಡಬೇಕು, ಅದು ಬಂಡೆಯನ್ನೂ ದಾಟಬೇಕು. ಸಾಹೇಬರ ಶೋಕಿಗೆ ಬೇಕಾದ ಎರಡು ಗುಣ ಈಗ ನಮ್ಮ ಮನೆಗೆ ಬೇಕಾದವು. ದಾರಿ ಸಿಕ್ಕಿದ್ದು ನನ್ನ ಒಂದು ಕಿಡಿಗೇಡಿತನದಿಂದಲೇ. ಹಿರಿಯೂರಿನ ಕಂಬಳಿ ನೇಯುವವರು ನೂಲಿಗೆ ಸವರುವ ಹುಣಸೆಬೀಜದ ಗಂಜಿಯನ್ನು ರಬ್ಬರಿನ ಪುಟ್ಟ ಚೀಲಕ್ಕೆ ತುಂಬಿ ನಿನ್ನ ಮತದ ಮೆತ್ತನೆ ತಿರುಳು ಮಾಡಿದ್ದೆ. ಅದರಲ್ಲೊಂದನ್ನು ಐಸ್‌ಕ್ಯಾಂಡಿ ಗೊಲ್ಲಪ್ಪನ ಪೆಟ್ಟಿಗೆಯೊಳಗೆ ಸೇರಿಸಿದೆ, ಯಾರಾದರೂ ಚೀಪಲಿ ಎಂದು. ಸಂಜೆ ಗೊಲ್ಲಪ್ಪ ಅದನ್ನು ನನ್ನ ಬೆನ್ನಿಗೇ ಗುರಿಯಿಟ್ಟು ಎಸೆದ. ಕಲ್ಲು ಬಿದ್ದ ಹಾಗಾಯಿತು. ಬೆನ್ನು ಉಜ್ಜಿಕೊಳ್ಳುತ್ತ ನಿಂತವನಿಗೆ ಹೊಳೆಯಿತು: ಹೆಪ್ಪುಗಟ್ಟಿದಾಗ ಅದರ ಮೇಲೆ ಎಷ್ಟು ಬಿಗಿಯಾಗಿ ಬೇಕಾದರೂ ಸುತ್ತಬಹುದು, ಇಣುಕುವುದಿಲ್ಲ. ಸುತ್ತಿ ಮುಗಿದ ಮೇಲೆ ಒಳಗೆ ತಾನಾಗಿ ಕರಗುತ್ತದೆ. ಮೇಲೆ ಅಪ್ಪನ ಬಿಗಿ, ಒಳಗೆ ನಿನ್ನ ಮೆದು. ಮೊದಲನೆಯದು ಅಚ್ಚಿನಲ್ಲೇ ಸಿಡಿದು ನನ್ನ ಎಡಹುಬ್ಬನ್ನು ಕೊಂಡೊಯ್ದಿತು. ಕಾವು ಇಳಿಸಿ, ಮೇಲಿನ ಪದರವನ್ನು ತೆಳ್ಳಗೆ ಮಾಡಿ ಮತ್ತೆ ಹಾಕಿದೆ. ಗುಳಿಗಳೂ ಚೊಕ್ಕಟವಾಗಿ ಮೂಡಿದವು.

ಆ ಚೆಂಡನ್ನು ಅಪ್ಪನಿಗೆ ಏನೂ ಹೇಳದೆ ಬುಟ್ಟಿಯಲ್ಲಿ ಬೆರೆಸಿ ಕೊಟ್ಟೆ. ಹೊಡೆದ. ಸದ್ದೇ ಬೇರೆ. ಅಪ್ಪ ಚೆಂಡು ಹೋದ ಕಡೆ ನೋಡಲಿಲ್ಲ, ಕೈ ನೋಡಿಕೊಂಡ. ಬಂಡೆಯ ನೆರಳಿಗೆ ಬಂದು ಬಿದ್ದಿತ್ತು ಅದು, ಹಿಂದೆ ಯಾವುದೂ ಅಷ್ಟು ಹತ್ತಿರ ಬಂದಿರಲಿಲ್ಲ. ಆಯ್ದು ತಂದು ಕೊಟ್ಟಾಗ "ಯಾರು ಸುತ್ತಿದ್ದು?" ಎಂದ. ನಾನೇ ಎಂದೆ. "ಇಲ್ಲ ಬಿಡು. ಅವನ ಕೈ ಐತೆ ಇದ್ರಾಗೆ" ಎಂದು ಚೆಂಡನ್ನು ಬುಟ್ಟಿಗೆ ಹಾಕದೆ ಜೇಬಿನಲ್ಲಿಟ್ಟುಕೊಂಡ.

ಈಗ ಕೇಳು. ಅಪ್ಪ ಕೈ ತೋರಿಸಲು ಮತ್ತೆ ಆಸ್ಪತ್ರೆಗೆ ಹೋದ ದಿನ ಅಂಥದೇ ಇನ್ನೊಂದನ್ನು ನಾನು ಹೊಡೆದೆ. ಎಮ್ಮೆಗುಂಡಿನ ಬೆನ್ನ ಮೇಲಿಂದ ಹಾರಿ ಆಚೆ ಹೋಯಿತು, ನನ್ನ ಕೈಗೆ ಬೆಣ್ಣೆ ಸೋಕಿದ ಹಾಗಾಯಿತು. ಚೆಂಡು ಆಗಿದೆ, ಅಣ್ಣ. ಹೊಡೆಯುವ ಕೈ ಹೋಗಿದೆ. ನಾನು ಹೊಡೆಯುತ್ತೇನೆ ಎಂದರೆ ಅಪ್ಪ ಕೋಲು ಕೊಡುವುದಿಲ್ಲ, "ಅವನು ನನಗೆ ಅಂದದ್ದು" ಎನ್ನುತ್ತಾನೆ. ಇನ್ನೊಂದು ದಾರಿ ನಿನಗೂ ಹೊಳೆದಿರುತ್ತದೆ. ಬಂಡೆಯ ಪಕ್ಕ ನಿಲ್ಲುವವನು ನಾನು, ಅಪ್ಪನಿಗೆ ಅಷ್ಟು ದೂರ ಕಾಣುವುದೂ ಇಲ್ಲ, ದಾಟಿತು ಎಂದು ನಾನು ಕೂಗಿದರೆ ದಾಟಿದಂತೆಯೇ. ಜೀವಮಾನವಿಡೀ ಊರಿಗೆ ಟೋಪಿ ಹಾಕಿದವನಿಗೆ ಇದೇನು ದೊಡ್ಡದು? ಆದರೆ ಕೂಗಿದ ಮರುಗಳಿಗೆ ಅಪ್ಪ ನೇರ ಬಸ್ ಸ್ಟ್ಯಾಂಡಿಗೆ ಹೋಗುತ್ತಾನೆ. ನೀನು ಬರುವುದಿಲ್ಲ. ಆಗ ಕೈಯ ಜೊತೆ ಇನ್ನೇನು ಹೋಗುತ್ತದೆಂದು ನೆನೆದರೆ ನನ್ನ ಬಾಯಿ ಏಳುವುದಿಲ್ಲ. ಹಿಂದೆ ಬರೆದ ಕಾಗದಗಳಿಗೆ ನೀನು ಉತ್ತರ ಕೊಟ್ಟಿಲ್ಲ. ಅಮ್ಮನಿಗೆ ಹಾಕಿದ ಕಾರ್ಡಿನಲ್ಲಿ ವಿಳಾಸ ಬಿಟ್ಟರೆ ಬೇರೇನಿರಲಿಲ್ಲ. ಆದ್ದರಿಂದ ಪ್ರಾರ್ಥನೆ ಏನೆಂದರೆ, ಒಂದೋ ನೀನು ಬಾ, ಇಲ್ಲವೇ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆನೆಂದು ಒಂದು ಸಾಲು ನಿನ್ನ ಕೈಯಾರೆ ಅಪ್ಪನಿಗೆ ಬರೆ. ರವೆಉಂಡೆ ಎಂದಾಗ ನಕ್ಕವರಲ್ಲಿ ನಾನೂ ಒಬ್ಬ. ಬಂದು ನನ್ನ ಬೆನ್ನಿಗೆ ಎರಡು ಬಾರಿಸು, ಗೊಲ್ಲಪ್ಪ ಎಸೆದ ಜಾಗ ಬಿಟ್ಟು.

ಅಮ್ಮನ ಆಶೀರ್ವಾದ ಇದರೊಂದಿಗೆ ಇದೆ. ಮೊಣಕೈಗೆ ಎಣ್ಣೆ ಎಂದು ಮತ್ತೊಮ್ಮೆ ಹೇಳುತ್ತಿದ್ದಾಳೆ. ಹುಚ್ಚಕ್ಕ ನಿನ್ನನ್ನು ಕೇಳಿದಳೆಂದು ತಿಳಿಸಬೇಕಂತೆ.

ಇಂತು ನಿನ್ನ ಒಂದೇ ಹುಬ್ಬಿನ ತಮ್ಮ,
ಜಂಪಣ್ಣ

ತಾ.ಕ.: ಮಂಗಳವಾರ. ಕಾಗದ ಡಬ್ಬಕ್ಕೆ ಹಾಕುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಇವತ್ತು ಬೆಳಗ್ಗೆ ಅಪ್ಪ ಕೋಲನ್ನು ಟವೆಲ್ಲಿನಿಂದ ಮುಂಗೈಗೆ ಬಿಗಿದು ಕಟ್ಟಿಕೊಂಡು ಹೊಡೆದ, ಬೆರಳು ಹಿಡಿಯುವುದಿಲ್ಲವಲ್ಲ. ಜೇಬಿನಲ್ಲಿಟ್ಟುಕೊಂಡಿದ್ದ ಆ ಚೆಂಡು. ಮತ್ತೆ ಬಂಡೆಯ ಈಚೆಗೇ ಬಿತ್ತು. ನಾನು ಅದನ್ನು ಕಾಲಿನಿಂದ ಆಚೆಗೆ ಒದ್ದು, ದಾಟಿತು ಎಂದು ಕೂಗಿಬಿಟ್ಟೆ. ಅಪ್ಪ ಇದ್ದಲ್ಲೇ ಕುಕ್ಕರಿಸಿದ. ಆಮೇಲೆ ಕೋಲು ಬಿಚ್ಚಿಸಿಕೊಂಡು ನನ್ನ ಕೈಗೆ ಕೊಟ್ಟ, ಇನ್ನು ಇದು ಬೇಡ ಎಂದ. ಮನೆಗೆ ಬಂದು, ಅಮ್ಮನ ಕೈಲಿ ಕೋಟಿನ ಗುಂಡಿ ಹಾಕಿಸಿಕೊಂಡು, ಮುದ್ದೆ ಮಾಡು ಅವನಿಗೆ ಎಂದು ಹೇಳಿ ಹೋದ. ಬಸ್ ಸ್ಟ್ಯಾಂಡಿನಲ್ಲಿ, ಹಿರಿಯೂರಿನ ಬಸ್ಸು ನಿಲ್ಲುವ ಕಡೆ ಕಲ್ಲುಬೆಂಚಿನ ಮೇಲೆ ಕೂತಿದ್ದಾನೆ. ಇವತ್ತೇ ಬರೋದಿಲ್ಲ, ಕೊಟ್ಟಾಯಂ ದೂರ ಎಂದೆ. ಗೊತ್ತೈತೆ, ನಾಳೆನೂ ಬತ್ತೀನಿ ಎಂದ. ತಂತಿ ಕೊಡುತ್ತ ತಡ ಮಾಡಬೇಡ, ಹೊರಡು. ಕನ್ನಡಕ ತರದೆ ಕೂತಿದ್ದಾನೆ, ದೂರದಿಂದ ನಿನ್ನ ಗುರುತು ಹಿಡಿಯುವುದಿಲ್ಲ. ಇಳಿದವನೇ ಹತ್ತಿರ ಹೋಗಿ ಬಾಯಿಬಿಟ್ಟು ಅಪ್ಪಾ ಅನ್ನು. ಕೈ ಕುಲುಕಬೇಡ, ನೋಯುತ್ತದೆ.